ಟಾರ್ಚ್ ಹಾಕದೆ ಮುಚ್ಚಿದ ಡ್ಯಾಶ್‌ಬೋರ್ಡ್

"ಇಲ್ಲಿಂದ ಹೋಗೋ ದಿನ ಬಂದ್ರೆ, ನಿಂಗೆ ಹೇಳಿಯೇ ಹೋಗ್ತೀನಿ," ಅಂದಿದ್ದ ಅವನು. ಹನ್ನೊಂದು ವರ್ಷದ ಹಿಂದೆ, ಹೊಟ್ಟೆ ಬಿಚ್ಚಿದ ಒಂದು ಕಾರಿನ ಬಾಗಿಲಿಗೆ ಒರಗಿಕೊಂಡು, ಅರ್ಧ ಲೋಟ ಚಹಾವನ್ನು ಕೈಯಲ್ಲೇ ಮರೆತು.

ಬದಲಿಗೆ ನಾನೂ ಒಂದು ಮಾತು ಕೊಟ್ಟಿದ್ದೆ. ಆದರೆ ನನಗೆ ಬಾಯಿಪಾಠವಾಗಿ ಉಳಿದದ್ದು ಅವನ ಮಾತು ಮಾತ್ರ.

ಆ ನೀಲಿ ಕಾರು ಗ್ಯಾರೇಜಿನ ಗೇಟು ದಾಟಿ ಬಂದಾಗ ನಾನು ಬೇರೊಂದು ಗಾಡಿಯ ಹೆಡ್‌ಲೈಟ್ ವೈರಿಗೆ ಟೇಪು ಸುತ್ತುತ್ತಿದ್ದೆ. ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡಿತ್ತು. ಆ ಕಡೆ ಮಗಳು.

"ಅಮ್ಮಾ, ಗೋಂದು ಎಲ್ಲಿಟ್ಟಿದ್ದೀಯಾ?"

"ಟಿವಿ ಹಿಂದೆ."

"ಅಲ್ಲಿಲ್ಲ."

"ಕಣ್ಣಲ್ಲಿ ನೋಡು ಮಗಾ, ಬಾಯಲ್ಲಿ ನೋಡ್ಬೇಡ."

"ಸಿಕ್ತು," ಅಂದು ಪಟ್ಟನೆ ಇಟ್ಟಳು. ತಲೆ ಎತ್ತಿ ನೋಡಿದೆ. ನಂಬರ್ ಪ್ಲೇಟು ಓದುವ ಮೊದಲೇ ಗುರುತು ಸಿಕ್ಕಿತು. ಎಡಗಡೆ ಕನ್ನಡಿಯ ಕೆಳಗೆ ಅದೇ ಉದ್ದನೆಯ ಗೀರು. ಕೈಯಲ್ಲಿದ್ದ ಟೇಪು ಬಿದ್ದು ಉರುಳಿಕೊಂಡು ಕಾರಿನಡಿ ಹೋಯಿತು.

ಇಳಿದವರು ಹಲ್ಲಿನ ಡಾಕ್ಟರಮ್ಮ. ಒಂಬತ್ತು ವರ್ಷದ ಹಿಂದೆ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದರು. ವರ್ಗವಾಗಿ ಹೋದವರು ಈಗ ಕೂದಲು ಬೆಳ್ಳಗೆ ಮಾಡಿಕೊಂಡು ವಾಪಸು ಬಂದಿದ್ದಾರೆ. ಕಾರು ಮಾತ್ರ ಬದಲಾಯಿಸಿಲ್ಲ.

"ಏನಮ್ಮಾ, ಇನ್ನೂ ಇಲ್ಲೇ ಇದ್ದೀಯಾ?"

"ನಾನೆಲ್ಲಿಗೆ ಹೋಗ್ಲಿ ಡಾಕ್ಟ್ರೇ."

"ಎಸಿ ಬಿಸಿಗಾಳಿ ಉಗುಳ್ತಿದೆ. ಮೂರು ಸಲ ಗ್ಯಾಸ್ ಹಾಕಿಸಿದೆ, ತಿಂಗಳು ನಿಲ್ಲಲ್ಲ. ಆಮೇಲೆ ಇದು ನೋಡು, ನಿಮ್ಮ ಗ್ಯಾರೇಜಿನ ಉಡುಗೊರೆ." ಎಡಗಡೆ ಸೀಟಿನ ಮುಂದಿನ ಮ್ಯಾಟು ಎತ್ತಿದರು. ಕೆಳಗೆ ನಾಲ್ಕು ಮಡಿಕೆಯ ಒಂದು ಹಳೆ ಟವಲು, ಒದ್ದೆ. "ಅವತ್ತು ನೀವು ಕೂಲಿಂಗ್ ಕಾಯಿಲ್ ಹಾಕಿ ಕೊಟ್ರಲ್ಲ, ಅವತ್ತಿಂದ ಎಸಿ ಹಾಕಿದ್ರೆ ಇಲ್ಲಿ ನೀರು. ಒಂಬತ್ತು ವರ್ಷ ಟವಲ್ ಹಿಂಡಿದ್ದೀನಿ."

"ಬೇರೆ ಕಡೆ ತೋರಿಸ್ಲಿಲ್ವಾ?"

"ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸ್ಬೇಕು ಅಂದ್ರು. ಬೇಡಪ್ಪಾ ಅಂದೆ. ದಿನಾ ನೋಡ್ತೀನಲ್ಲ, ನೋವು ತಾಳ್ಕೊಳ್ಳೋಕಾಗೋ ತನಕ ಯಾರೂ ಹಲ್ಲು ಕೀಳಿಸಲ್ಲ."

ಗ್ಯಾಸ್ ಸೋರಿಕೆ ಹುಡುಕುವ ಮೀಟರಿನ ಮೂತಿಯನ್ನು ಗಾಳಿ ಬರುವ ಜಾಲರಿಯೊಳಗೆ ತೂರಿಸಿದೆ. ಅರೆಕ್ಷಣದಲ್ಲಿ ಅದು ಕೀಚಲು ದನಿಯಲ್ಲಿ ಬಡಿದುಕೊಳ್ಳಲು ಶುರುಮಾಡಿತು.

"ಕಾಯಿಲ್ ತೂತಾಗಿದೆ. ಬೇರೆ ಹಾಕ್ಬೇಕು," ಅಂದೆ. "ಡ್ಯಾಶ್ ಇಳಿಸ್ಲೇಬೇಕು."

ಆ ಕಾರಿನ ಡ್ಯಾಶ್‌ಬೋರ್ಡನ್ನು ಕೊನೆಯ ಸಲ ಮುಚ್ಚಿದವಳು ನಾನೇ. ಅದರ ಹಿಂದೆ ಅವನು ನನಗೆ ಏನಾದರೂ ಬರೆದಿಟ್ಟಿದ್ದನೇ, ಇಲ್ಲವೇ? ಒಂಬತ್ತು ವರ್ಷಗಳಿಂದ ನನಗೆ ತಿಳಿಯಬೇಕಿದ್ದದ್ದು ಇದೊಂದೇ. ಯಾವತ್ತೂ ತಿಳಿಯದಿರಲಿ ಎಂದು ಬೇಡಿಕೊಂಡದ್ದೂ ಇದನ್ನೇ.

*

ಅವನನ್ನು ಎಲ್ಲರೂ 'ಕೂಲಿಂಗ್' ಅಂತಲೇ ಕರೆಯುತ್ತಿದ್ದರು. ಎಸಿ ಕೆಲಸದವನು, ಜೊತೆಗೆ ಯಾರು ಎಷ್ಟು ಕೂಗಾಡಿದರೂ ಬಿಸಿಯಾಗದ ಪ್ರಾಣಿ. ನಾನು ಎಲೆಕ್ಟ್ರಿಷಿಯನ್. ಗ್ಯಾರೇಜಿಗೆಲ್ಲ ನಾನು 'ವೈರಕ್ಕ'. ಅವನೊಬ್ಬನಿಗೆ ಮಾತ್ರ 'ಫ್ಯೂಸ್'.

"ಯಾಕೋ ಹಂಗೆ ಕರೀತೀಯಾ?"

"ಸ್ವಲ್ಪ ಲೋಡ್ ಜಾಸ್ತಿಯಾದ್ರೆ ಹಾರ್ತೀಯಲ್ಲ, ಅದಕ್ಕೆ."

ಕಾಯಿಲ್ ಕೆಲಸಕ್ಕೆ ನಾವಿಬ್ಬರೂ ಬೇಕು. ಎಸಿಯ ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನ ಹಿಂದಿನ ಕಪ್ಪು ಪೆಟ್ಟಿಗೆಯೊಳಗೆ. ಸ್ಟೇರಿಂಗು, ಮೀಟರು, ಸಾಮಾನಿಡುವ ಡಬ್ಬಿ, ಎಲ್ಲ ಬಿಚ್ಚಿ ಡ್ಯಾಶ್ ಇಳಿಸಿ ಕೊಡುವುದು ನಾನು. ಪೆಟ್ಟಿಗೆ ತೆಗೆದು ಕಾಯಿಲ್ ಬದಲಾಯಿಸುವುದು ಅವನು. ಮತ್ತೆ ವೈರೆಲ್ಲ ಜೋಡಿಸಿ ಮುಚ್ಚುವುದು ನಾನು. ಕಾಯಿಲ್ ಮೇಲೆ ಕೂಡುವ ನೀರು ಹೊರಗೆ ಹೋಗಲಿಕ್ಕೆ ಪೆಟ್ಟಿಗೆಯ ಬುಡದಲ್ಲಿ ಒಂದು ಗೇಣುದ್ದದ ರಬ್ಬರ್ ಪೈಪಿದೆ. ಕಾರಿನ ನೆಲದ ತೂತಿಗೆ ಅದನ್ನು ಕೂರಿಸುವುದೂ ನನ್ನ ಪಾಲಿನದು, ಕೈ ಸಣ್ಣದು ಅಂತ.

ಸೇರಿದ ಹೊಸದರಲ್ಲಿ ಒಂದು ಗಾಡಿಯ ಪೈಪು ಸರಿಯಾಗಿ ಕೂರಿಸಿರಲಿಲ್ಲ. ಗಾಡಿ ವಾಪಸು ಬಂತು. ಹೆಡ್ ಮೇಸ್ತ್ರಿ ಕೆಂಡವಾದರು. "ನಂದೇ ತಪ್ಪು ಗುರುಗಳೇ," ಅಂದುಬಿಟ್ಟ ಅವನು, ತಣ್ಣಗೆ. ಬೈಗುಳ ಮುಗಿದ ಮೇಲೆ ಚಹಾ ಹಿಡಿದುಕೊಂಡು ನನ್ನ ಪಕ್ಕ ಬಂದು ನಿಂತ.

"ಯಾಕೆ ಸುಳ್ಳು ಹೇಳಿದೆ?"

"ನೀನು ಅಳೋದು ನೋಡಬಾರ್ದು ಅಂತ. ಮೂಗು ಕೆಂಪಾಗುತ್ತಲ್ಲ ನಿಂದು, ಇಂಡಿಕೇಟರ್ ಥರ."

ನಗು ಬಂತು. ತಡೆದುಕೊಂಡೆ. ಅವನು ಕಣ್ಣು ಕಿರಿದು ಮಾಡಿ ನನ್ನ ತುಟಿಯ ತುದಿಯನ್ನೇ ನೋಡುತ್ತಿದ್ದ, ಎಲ್ಲಿಂದ ಸೋರುತ್ತದೆ ಅಂತ ಹುಡುಕುವವನ ಹಾಗೆ. ಅಲ್ಲಿಂದಲೇ ಸೋರಿತು.

"ಒಂದು ಮಾತು ಕೊಡು," ಅಂದ. "ಕೆಳಗೆ ಬಗ್ಗಿ ಟಾರ್ಚ್ ಹಾಕಿ ಪೈಪ್ ನೋಡದೆ ಯಾವ ಡ್ಯಾಶೂ ಮುಚ್ಚಬಾರದು ನೀನು."

"ಕೊಟ್ಟೆ. ನೀನೂ ಒಂದು ಕೊಡು. ಇದುವರೆಗೆ ಮೂರು ಗ್ಯಾರೇಜು ಬಿಟ್ಟಿದ್ದೀಯಂತೆ, ಯಾರಿಗೂ ಹೇಳದೆ. ಇಲ್ಲಿ ಹಂಗೆ ಮಾಡ್ಬೇಡ."

ಆಗ ಅವನು ಹೇಳಿದ್ದೇ ಆ ಮಾತು. ಹೇಳಿಯೇ ಹೋಗ್ತೀನಿ ಅಂತ.

ಕಾಯಿಲ್ ಹಾಕಿದವನು ಪೆಟ್ಟಿಗೆಯ ಮೇಲೆ ಬಿಳಿ ಪೇಂಟು ಪೆನ್ನಿನಿಂದ ಆ ದಿನದ ತಾರೀಖು ಬರೆಯುವುದು ನಮ್ಮ ಗ್ಯಾರೇಜಿನ ರೂಢಿ. ಎಲ್ಲರೂ ಎದುರಿಗೇ ಬರೆಯುತ್ತಾರೆ. ಅವನು ಕೆಳಗೆ, ಪೈಪಿನ ಬಾಯಿಯ ಪಕ್ಕದಲ್ಲಿ ಬರೆಯಲು ಶುರುಮಾಡಿದ. ನಾನು ಬಗ್ಗಿ ಟಾರ್ಚ್ ಹಾಕಿದರೆ ಮಾತ್ರ ಕಾಣುವ ಜಾಗ. ಮೊದಮೊದಲು ತಾರೀಖು ಒಂದೇ. ಆಮೇಲೆ ಒಂದು ದಿನ ತಾರೀಖಿನ ಕೆಳಗೆ, 'ಫ್ಯೂಸ್ ಇವತ್ತು ನಗಲಿಲ್ಲ.' ನಾನು ಅದೇ ಪೆನ್ನು ತೆಗೆದುಕೊಂಡು ಕೆಳಗೆ, 'ಕೆಲಸ ನೋಡ್ಕೋ,' ಅಂತ ಬರೆದು ಮುಚ್ಚಿದೆ.

ಹಾಗೆ ಎರಡು ವರ್ಷ. ಮೇಸ್ತ್ರಿಯ ಎದುರು ಮಾತಾಡಿದರೆ ಕಣ್ಣು ಬಿಡುತ್ತಿದ್ದರು, ಉಳಿದವರು ಕೆಮ್ಮುತ್ತಿದ್ದರು. ಹಾಗಾಗಿ ನಮ್ಮ ಮಾತೆಲ್ಲ ಕಾರುಗಳ ಹೊಟ್ಟೆಗೆ ಹೋಯಿತು. ಒಬ್ಬ ವಕೀಲರ ಕಾರಿನಲ್ಲಿ 'ಕಿವಿ ಹಿಂದೆ ಗ್ರೀಸಿದೆ, ಒರೆಸ್ಕೋಬೇಡ, ಚೆನ್ನಾಗಿದೆ' ಅಂತ ಇದೆ. ಶಾಲೆಯ ವ್ಯಾನೊಂದರಲ್ಲಿ 'ಕನಸಲ್ಲಿ ಬಂದಿದ್ದೆ, ಅಲ್ಲೂ ಬೈದೆ' ಅಂತ. ಅದರ ಕೆಳಗೆ ನಾನು ಬರೆದದ್ದನ್ನು ಇಲ್ಲಿ ಹೇಳಲಾರೆ. ಆ ಗಾಡಿಗಳೆಲ್ಲ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತಾಗ ನನಗೊಬ್ಬಳಿಗೇ ನಗು ಬರುತ್ತಿತ್ತು.

ಜಗಳವಾದರೂ ಅಲ್ಲೇ ರಾಜಿ. ಟಾರ್ಚ್ ಹಾಕಿದರೆ ಏನೋ ಒಂದು ಬರೆದಿರುತ್ತಿದ್ದ, ನಾನು ಕರಗಿಹೋಗುತ್ತಿದ್ದೆ.

ಕೊನೆಯ ಜಗಳ ದೊಡ್ಡದು. ನನ್ನನ್ನು ನೋಡಲು ಗಂಡಿನ ಕಡೆಯವರು ಸೋಮವಾರ ಬರುವವರಿದ್ದರು. "ಭಾನುವಾರ ನಮ್ಮನೆಗೆ ಬಾ. ಅಪ್ಪನ ಹತ್ರ ನೀನೇ ಮಾತಾಡು," ಅಂದಿದ್ದೆ. ಹೂಂ ಅಂದಿದ್ದ. ಭಾನುವಾರ ಬೆಳಗ್ಗೆಯಿಂದ ಬಾಗಿಲ ಕಡೆ ನೋಡಿ ನೋಡಿ ಕತ್ತು ನೋವು ಬಂತು. ಬರಲಿಲ್ಲ. ಸಂಜೆ ಫೋನು ಬಂತು, ಎತ್ತಲಿಲ್ಲ. ಸೋಮವಾರ ಎತ್ತಲಿಲ್ಲ. ಮಂಗಳವಾರ ಅವನು ಡಾಕ್ಟರಮ್ಮನ ನೀಲಿ ಕಾರಿಗೆ ಕಾಯಿಲ್ ಹಾಕುತ್ತಿದ್ದ. ನಾನು ಗ್ಯಾರೇಜಿನ ಈ ತುದಿಯಲ್ಲಿ ಬೆನ್ನು ಹಾಕಿ ಕೂತಿದ್ದೆ. ಎರಡು ಸಲ ಬಂದು ಹಿಂದೆ ನಿಂತ. ನಾನು ಸ್ಕ್ರೂ ತಿರುಗಿಸುತ್ತಲೇ ಇದ್ದೆ. ಬಿಗಿಯಾದ ಸ್ಕ್ರೂವನ್ನೇ ಇನ್ನೂ ಬಿಗಿ ಮಾಡುತ್ತಾ.

ಬುಧವಾರ ಅವನು ರಜೆ. ಕಾರು ಮುಚ್ಚುವ ಸರದಿ ನನ್ನದು. ಡ್ಯಾಶ್ ಎತ್ತಿ ಕೂರಿಸುವ ಮೊದಲು ಟಾರ್ಚನ್ನು ಕೈಗೆ ತೆಗೆದುಕೊಂಡೆ. ಏನೋ ಬರೆದಿರುತ್ತಾನೆ, ಗೊತ್ತಿತ್ತು. ಒಂದು ಜೋಕು ಬರೆದು ಈ ಸಲವೂ ತಪ್ಪಿಸಿಕೊಳ್ಳುತ್ತಾನೆ. ಓದಿದರೆ ನಗುತ್ತೇನೆ, ನಕ್ಕರೆ ಮುಗಿಯಿತು. ಈ ಸಲ ಬೇಡ. ಟಾರ್ಚು ಕೆಳಗಿಟ್ಟೆ. ಮೇಲಿನಿಂದಲೇ ಕೈ ಹಾಕಿ ಪೈಪನ್ನು ತಡವಿ ತಳ್ಳಿದೆ. ಕೂತಿರುತ್ತೆ ಅಂದುಕೊಂಡೆ. ಮುಚ್ಚಿದೆ.

ಗುರುವಾರ ಅವನ ಚೀಲ ಮೊಳೆಯ ಮೇಲಿರಲಿಲ್ಲ.

"ಕೆಲಸ ಬಿಟ್ಟು ಹೋದ," ಅಂದರು ಮೇಸ್ತ್ರಿ. "ನಿಂಗೆ ಹೇಳಿಲ್ವಾ?"

"ಇಲ್ಲ," ಅಂದೆ. ಆ ಒಂದು ಪದವನ್ನು ಹಿಡಿದುಕೊಂಡೇ ಒಂಬತ್ತು ವರ್ಷ ಕಳೆದೆ.

ಹುಡುಕಲಿಲ್ಲ ಅಂತಲ್ಲ. ಅವನ ನಂಬರಿಗೆ ಮಾಡಿದೆ, ಚಾಲ್ತಿಯಲ್ಲಿಲ್ಲ ಅಂದಿತು. ಡಾಕ್ಟರಮ್ಮನ ಆಸ್ಪತ್ರೆಗೂ ಹೋದೆ, ಏನಂತ ಕೇಳುವುದು ಎಂಬುದನ್ನೂ ಯೋಚಿಸದೆ. ವರ್ಗವಾಗಿ ಕಾರಿನ ಸಮೇತ ಹೋಗಿದ್ದರು. ಮೆಟ್ಟಿಲಿಳಿದು ಬರುವಾಗ ನನಗೆ ನಾನೇ ತೀರ್ಪು ಹೇಳಿಕೊಂಡೆ: ಬರೆದಿರಲಿಲ್ಲ. ಮಾತು ತಪ್ಪಿದವನು ಅವನು. ನಾಲ್ಕು ತಿಂಗಳಲ್ಲಿ ಆ ಸೋಮವಾರದ ಗಂಡನ್ನೇ ಮದುವೆಯಾದೆ. ಒಳ್ಳೆಯ ಮನುಷ್ಯ. ಹೇಳದೆ ಹೋದವನ ಮೇಲಿನ ಸಿಟ್ಟನ್ನೆಲ್ಲ ಎದುರಿಗಿದ್ದ ಈ ಗಂಡ ಮೂರು ವರ್ಷ ತಿಂದ. ನಾಲ್ಕನೆಯ ವರ್ಷ ಬೇರೆಯಾದೆವು. ಮಗಳು ನನ್ನ ಬಳಿ.

*

ಡ್ಯಾಶ್ ಇಳಿಸಲು ಮೂರು ತಾಸು ಬೇಕು. ನಾನು ಐದು ತಾಸು ಮಾಡಿದೆ.

ಬ್ಯಾಟರಿ ಕಳಚಿದೆ. ಹಳೆ ಗ್ಯಾಸನ್ನು ಮಿಷಿನ್ನಿಗೆ ಎಳೆದುಕೊಂಡೆ. ಅವನು ಹೋದ ಮೇಲೆ ಎಸಿ ಕೆಲಸವನ್ನೂ ನಾನೇ ಕಲಿತಿದ್ದೆ, ಅವನ ಜಾಗದಲ್ಲಿ ಇನ್ನೊಬ್ಬರು ನಿಲ್ಲುವುದನ್ನು ನೋಡಲಾಗದೆ. ಒಂದೊಂದೇ ಸ್ಕ್ರೂ ಬಿಚ್ಚಿ ಡಬ್ಬಿಗೆ ಹಾಕಿದೆ. ವೈರುಗಳ ಮೇಲೆ ನನ್ನದೇ ಟೇಪು, ನನ್ನದೇ ಗಂಟು. ಇಪ್ಪತ್ತಾರರ ಹುಡುಗಿಯ ಕೈ ಎಷ್ಟು ಬಿಗಿಯಾಗಿ ಕಟ್ಟುತ್ತಿತ್ತು!

ಡ್ಯಾಶ್ ಹೊರಗೆ ಬಂತು. ಕಪ್ಪು ಪೆಟ್ಟಿಗೆ ಕಾಣಿಸಿತು. ಎದುರಿಗೆ ಏನೂ ಇರಲಿಲ್ಲ.

ಒದ್ದೆ ಕಾರ್ಪೆಟ್ಟಿನ ಮೇಲೆ ಮೊಣಕಾಲೂರಿ ಬಗ್ಗಿ ಟಾರ್ಚ್ ಹಾಕಿದೆ.

ಪೈಪು ತೂತಿನಿಂದ ಒಂದು ಬೆರಳಗಲ ಆಚೆಗೆ ತಲೆ ತಪ್ಪಿಸಿಕೊಂಡು ನಿಂತಿತ್ತು. ಅದರ ಪಕ್ಕದಲ್ಲಿ ಬಿಳಿ ಅಕ್ಷರಗಳು. ಸಣ್ಣ ಸಣ್ಣವು, ಒತ್ತೊತ್ತಾಗಿ, ಜಾಗ ಸಾಲದೆ ಪೆಟ್ಟಿಗೆಯ ಅಂಚು ಹಿಡಿದು ತಿರುಗಿದ್ದವು.

'ಫ್ಯೂಸ್, ಫೋನ್ ಎತ್ತಲ್ಲ ನೀನು. ಇಲ್ಲಾದ್ರೂ ನೋಡೇ ನೋಡ್ತೀಯಾ. ನಾನು ಹೋಗ್ತಿದ್ದೀನಿ. ಕೋಲ್ಡ್ ಸ್ಟೋರೇಜಲ್ಲಿ ಕೆಲಸ ಸಿಕ್ತು, ಮನೆ ಕೊಡ್ತಾರೆ, ಎರಡು ರೂಮು. ಭಾನುವಾರ ಇಂಟರ್‌ವ್ಯೂಗೆ ಹೋಗಿದ್ದೆ. ನಿಮ್ಮಪ್ಪನ ಎದುರು ಬರಿಗೈಲಿ ನಿಲ್ಲೋಕಾಗ್ಲಿಲ್ಲ ಕಣೇ. ಬುಧವಾರ ಮಧ್ಯಾಹ್ನದಿಂದ ಬಸ್ ಸ್ಟ್ಯಾಂಡಲ್ಲಿ ಇರ್ತೀನಿ. ನೀನು ಬಂದ್ರೆ ಇಬ್ಬರೂ ನಿಮ್ಮನೆಗೆ ಹೋಗಿ ಕೇಳೋಣ. ಬರದಿದ್ರೆ ಅದೇ ನಿನ್ನ ಉತ್ತರ. ಆರೂವರೆ ಬಸ್ಸಿಗೆ ಹೋಗ್ತೀನಿ, ಮತ್ತೆ ಪೀಡಿಸಲ್ಲ. ಹೇಳಿ ಹೋಗ್ತಿದ್ದೀನಿ ನೋಡು. ಪೈಪ್ ಸರಿಯಾಗಿ ಕೂರಿಸು.'

ಕಾರ್ಪೆಟ್ಟಿನ ನೀರು ಬಟ್ಟೆ ಹಿಡಿದು ಮೇಲಕ್ಕೆ ಏರುತ್ತಿತ್ತು. ಕೊನೆಯ ಸಾಲು ಓದಿ ನಗು ಬಂತು. ಒಂಬತ್ತು ವರ್ಷ ತಡವಾಗಿ ಬಂದ ನಗು ಅದು.

ಹೆಡ್ ಮೇಸ್ತ್ರಿ ಈಗ ಕೈಕೆಲಸ ಮಾಡುವುದಿಲ್ಲ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವರ ಎದುರು ಹೋಗಿ ನಿಂತೆ.

"ಗುರುಗಳೇ, ಕೂಲಿಂಗ್ ನಂಬರ್ ಇದೆಯಾ?"

ಅವರು ಕನ್ನಡಕದ ಮೇಲಿಂದ ನೋಡಿದರು. "ಐದು ವರ್ಷದಿಂದ ಇದೆ."

"ಒಂದಿನಾನೂ ಹೇಳ್ಲಿಲ್ಲ ನೀವು?"

"ನೀನು ಕೇಳಿದ್ಯಾ? ಅವನ ಸುದ್ದಿ ತೆಗೆದ್ರೆ ಎದ್ದು ಹೋಗ್ತಿದ್ದೆ. ಒಂದ್ಸಲ ಸ್ಪ್ಯಾನರ್ ಎಸೆದಿದ್ದೆ, ಮರೆತ್ಯಾ ತಾಯಿ?"

ಮರೆತಿರಲಿಲ್ಲ.

ಕಾರಿನೊಳಗೇ ಕೂತು ಫೋನು ಮಾಡಿದೆ. ಎರಡನೆಯ ರಿಂಗಿಗೆ ಎತ್ತಿದ. ಹಿಂದೆ ಒಂದು ಕೂಸು ಅಳುತ್ತಿತ್ತು.

"ಹಲೋ?"

"ನಾನು."

ಬಹಳ ಮೆಲ್ಲಗೆ, "ಫ್ಯೂಸ್?"

"ಹಲ್ಲಿನ ಡಾಕ್ಟ್ರಮ್ಮನ ಕಾರು ಬಂದಿದೆ. ಕಾಯಿಲ್ ಹೋಗಿದೆ."

"ಒಂಬತ್ತು ವರ್ಷ ಬಂತಲ್ಲ. ಪರವಾಗಿಲ್ಲ."

"ಡ್ಯಾಶ್ ಇಳಿಸಿದೆ. ಓದಿದೆ."

"ಮತ್ತೆ ಯಾಕೆ ಓದೋಕೆ ಹೋದೆ? ಅವತ್ತೇ ಓದಿ ಬಿಟ್ಟಿದ್ಯಲ್ಲ," ಅಂದ. ದನಿಯಲ್ಲಿ ಹಳೆಯ ಗಾಯ ಒಣಗಿ ಗಟ್ಟಿಯಾಗಿತ್ತು.

"ಅವತ್ತು ಓದ್ಲಿಲ್ಲ. ಈಗ ಓದಿದ್ದು."

"ಅವತ್ತು..."

"ಅವತ್ತು ನಾನು ಟಾರ್ಚ್ ಹಾಕ್ಲಿಲ್ಲ ಕಣೋ."

ಅವನು ಎದ್ದು ಎಲ್ಲಿಗೋ ನಡೆದ. ಬಾಗಿಲು ಮುಚ್ಚಿದ ಸದ್ದು. ಕೂಸಿನ ಅಳು ದೂರವಾಯಿತು.

"ಆರೂವರೆ ಬಸ್ಸು ಬಿಟ್ಟೆ," ಅಂದ. "ಕೆಲಸ ಲೇಟಾಗಿರುತ್ತೆ ನಿಂಗೆ ಅಂತ. ಎಂಟೂವರೆ ಬಸ್ಸಿಗೆ ಹೋದೆ. ಕಿಟಕಿ ಪಕ್ಕದ ಸೀಟು ಖಾಲಿ ಇಟ್ಕೊಂಡೇ ಹೋದೆ. ಓದಿಯೂ ಬರ್ಲಿಲ್ಲ ಅಂದ್ಕೊಂಡೆ."

"ಹೇಳ್ದೆ ಹೋದ ಅಂದ್ಕೊಂಡೆ ನಾನು. ಊರಿಗೆಲ್ಲ ಹಂಗೇ ಹೇಳ್ಕೊಂಡು ತಿರುಗಿದೆ."

"ಬೈದ್ಯಾ?"

"ಚೆನ್ನಾಗಿ."

"ನಾನೂ."

ಇಬ್ಬರೂ ನಕ್ಕೆವು. ನಗು ಇಬ್ಬರದೂ ಅರ್ಧಕ್ಕೇ ನಿಂತಿತು.

"ಮದುವೆ?" ಅಂದ.

"ಆಯ್ತು. ಮುಗೀತು ಕೂಡ. ಮಗಳಿದ್ದಾಳೆ, ಎರಡನೇ ಕ್ಲಾಸು. ನಿಂದು?"

"ಎರಡು ವರ್ಷ ಆಯ್ತು. ಅಲ್ಲೀತನಕ ಕಾದಿದ್ದೆ ಅಂತ ಹೇಳಿದ್ರೆ ಸಿನಿಮಾ ಡೈಲಾಗ್ ಥರ ಇರುತ್ತೆ. ಹೇಳಲ್ಲ ಬಿಡು."

"ಹೇಳ್ಬೇಡ."

ಬಾಗಿಲಾಚೆಯಿಂದ ಹೆಣ್ಣುದನಿಯೊಂದು, "ಯಾರ್ರೀ ಫೋನಲ್ಲಿ?" ಅಂದಿತು. ಆಯಾಸದ, ಒಳ್ಳೆಯ ದನಿ. ರಾತ್ರಿಯೆಲ್ಲ ಕೂಸು ಎತ್ತಿಕೊಂಡು ಓಡಾಡಿದವಳ ದನಿ. ನನಗೆ ಅದು ಚೆನ್ನಾಗಿ ಗೊತ್ತು.

"ಹಳೇ ಗ್ಯಾರೇಜಿಂದ," ಅಂದ ಅವನು. "ನಾನು ಕೆಲಸ ಮಾಡಿದ ಒಂದು ಕಾರು ಬಂದಿದ್ಯಂತೆ."

ಸುಳ್ಳು ಹೇಳಲಿಲ್ಲ. ಆಮೇಲೆ ನನಗೆ ಕೇಳಿದ, "ಒಳಗೆ ನೀರು ಬೀಳ್ತಿತ್ತಾ?"

"ಒಂಬತ್ತು ವರ್ಷ."

"ಪೈಪ್ ಸರಿಯಾಗಿ ಕೂರಿಸು ಅಂತ ಬರೆದಿದ್ನಲ್ಲೇ..." ಯಾರು ಕೂಗಾಡಿದರೂ ಬಿಸಿಯಾಗದವನ ದನಿ ಆ ಕೊನೆಯ ಅಕ್ಷರದಲ್ಲಿ ಒಡೆಯಿತು.

"ಈ ಸಲ ಕೂರಿಸ್ತೀನಿ," ಅಂದೆ.

"ಈ ನಂಬರ್ ಸೇವ್ ಮಾಡ್ಕೋಬೇಡ."

"ಯಾಕೆ?"

"ಮಾಡ್ಕೊಂಡ್ರೆ ಫೋನ್ ಮಾಡ್ತೀಯಾ. ನೀನು ಮಾಡಿದ್ರೆ ನಾನು ಎತ್ತುತ್ತೀನಿ. ಬೇಡ."

ನಂಬರನ್ನು ಅಳಿಸಿಹಾಕಿದೆ. ಅಳಿಸಿದ್ದು ಕೈ ಮಾತ್ರ.

*

ಮಾರನೆಯ ದಿನ ಹೊಸ ಕಾಯಿಲ್ ಬಂತು. ಬೆಳ್ಳಗೆ, ಹಗುರಾಗಿ, ಬಾಚಣಿಗೆಯ ಹಲ್ಲಿನಷ್ಟು ತೆಳ್ಳಗಿನ ರೆಕ್ಕೆಗಳು. ಹಳೆಯದು ಎಣ್ಣೆ ಕೂತು ಕಪ್ಪಾಗಿತ್ತು. ಪೆಟ್ಟಿಗೆಯೊಳಗೆ ಹೊಸದನ್ನು ಕೂರಿಸಿ, ಸೀಲು ಬದಲಾಯಿಸಿ ಮುಚ್ಚಿದೆ. ತಿನ್ನರ್ ಹಾಕಿ ಒರೆಸಿದರೆ ಆ ಅಕ್ಷರಗಳು ಅರೆ ನಿಮಿಷದಲ್ಲಿ ಹೋಗುತ್ತವೆ. ಬಟ್ಟೆ ನೆನೆಸಿದೆ ಕೂಡ. ಆಮೇಲೆ ಆ ಬಟ್ಟೆಯಿಂದ ನನ್ನ ಕೈ ಒರೆಸಿಕೊಂಡೆ. ಬಿಳಿ ಪೆನ್ನು ತೆಗೆದು ಕೆಳಗೆ ತಾರೀಖು ಬರೆದೆ. ಬರೆಯಲು ಇನ್ನೂ ಒಂದು ಸಾಲಿನ ಜಾಗವಿತ್ತು. ಹಾಗೇ ಬಿಟ್ಟೆ. ಅಲ್ಲಿ ಏನು ಬರೆದರೂ ಓದುವವರಿಲ್ಲ.

ಪೈಪನ್ನು ತೂತಿಗೆ ಕೂರಿಸಿದೆ. ಬಗ್ಗಿ ಟಾರ್ಚ್ ಹಾಕಿ ನೋಡಿದೆ. ಒಂದು ಲೋಟ ನೀರು ಸುರಿದೆ. ಕಾರಿನ ಕೆಳಗೆ ಹನಿ ಹನಿಯಾಗಿ ನೆಲಕ್ಕೆ ಬಿತ್ತು. ಮತ್ತೊಮ್ಮೆ ಟಾರ್ಚ್ ಹಾಕಿದೆ, ಕೆಲಸವಿಲ್ಲದಿದ್ದರೂ. ಮುಚ್ಚಿದೆ.

ಸಂಜೆ ಡಾಕ್ಟರಮ್ಮ ಬಂದರು. ಎಸಿ ಹಾಕಿ, ಜಾಲರಿಯ ಎದುರು ಅಂಗೈ ಹಿಡಿದು ಕಣ್ಣು ಮುಚ್ಚಿದರು. ಹಳೆ ಕಾಯಿಲನ್ನು ಗಿರಾಕಿಯ ಕೈಗೇ ಕೊಡುವುದು ನಮ್ಮ ಪದ್ಧತಿ. ಕೊಟ್ಟೆ. ಟವಲನ್ನೂ ಕೊಟ್ಟೆ, ಹಿಂಡಿ, ಮಡಚಿ.

"ಏನಾಗಿತ್ತಮ್ಮಾ ಒಳಗೆ?"

"ಪೈಪ್ ಬಿಟ್ಟಿತ್ತು ಡಾಕ್ಟ್ರೇ."

"ಅಷ್ಟಕ್ಕೇ ಒಂಬತ್ತು ವರ್ಷನಾ! ಯಾರ ತಪ್ಪು? ಅವತ್ತು ಒಬ್ಬ ಇದ್ನಲ್ಲ, ನಗ್ತಾ ಇರ್ತಿದ್ದ, ಅವಂದಾ?"

"ಅವಂದಲ್ಲ. ನಂದು."

ನೀಲಿ ಕಾರು ಗೇಟು ದಾಟಿ ಹೋಯಿತು. ಹೋದ ದಾರಿಯಲ್ಲಿ ನೆಲದ ಮೇಲೆ ಸಣ್ಣ ಸಣ್ಣ ನೀರಿನ ಹನಿಗಳು, ಬೀಳಬೇಕಾದಲ್ಲಿ ಬಿದ್ದಿದ್ದವು. ಫೋನು ಬಡಿದುಕೊಂಡಿತು. ಮಗಳು. "ಅಮ್ಮಾ, ಎಷ್ಟೊತ್ತಿಗೆ ಬರ್ತೀಯಾ?"

"ಬಂದೆ," ಅಂದೆ.

ಅವನು ಹೇಳಿ ಹೋಗುತ್ತೇನೆ ಎಂದಿದ್ದ. ಹೇಳಿಯೇ ಹೋಗಿದ್ದ. ಮಾತು ತಪ್ಪಿದವಳು ನಾನು.